ಗೂಡುಪೆಟ್ಟಿಗೆ ಕಾದವರು ಕಲಿತದ್ದೇನು: ಕಾರ್ನೆಲ್ ಯೋಜನೆಯೊಂದರ ಮೌಲ್ಯಮಾಪನ

ಸಾಮಾನ್ಯ ಜನರೂ ಸಂಶೋಧನೆಗೆ ಕೈಜೋಡಿಸುವ ನಾಗರಿಕ ವಿಜ್ಞಾನ ಯೋಜನೆಗಳ ಧನಸಹಾಯದ ಅರ್ಜಿಗಳಲ್ಲಿ ಎರಡು ಮಾತು ಜೊತೆಯಾಗಿಯೇ ಬರುತ್ತವೆ. ಸಾವಿರಾರು ಜನ ಸೇರಿ ಮಾಹಿತಿ ಕೂಡಿಹಾಕುತ್ತಾರೆ ಎಂಬುದು ಒಂದು, ಹಾಗೆ ಕೂಡಿಹಾಕುತ್ತ ಅವರೂ ವಿಜ್ಞಾನ ಕಲಿಯುತ್ತಾರೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಲೆಕ್ಕ ಕೊಡುವುದು ಕಷ್ಟವಲ್ಲ: ಎಷ್ಟು ದಾಖಲೆ ಬಂತು, ಅದರಲ್ಲಿ ಎಷ್ಟು ಬಳಕೆಗೆ ಯೋಗ್ಯ ಎಂದು ಎಣಿಸಿದರಾಯಿತು. ಎರಡನೆಯದನ್ನು ಬಹಳ ಯೋಜನೆಗಳು ಕಾರ್ಯಕ್ರಮದ ಕೊನೆಗೆ ಹಂಚುವ ಅಭಿಪ್ರಾಯ ಪತ್ರದಲ್ಲೇ ಮುಗಿಸಿಬಿಡುತ್ತವೆ. "ತುಂಬಾ ಉಪಯುಕ್ತವಾಗಿತ್ತು" ಎಂದು ಬರೆದುಕೊಟ್ಟವರು ಏನು ಕಲಿತರು ಎಂಬುದು ಅದರಿಂದ ತಿಳಿಯುವುದಿಲ್ಲ. ಈ ಪ್ರಶ್ನೆಯನ್ನು ನಿಜವಾದ ಅಳತೆಗೆ ಒಡ್ಡಿದ ಮೊದಲ ಪ್ರಯತ್ನಗಳಲ್ಲಿ ಒಂದು ಅಮೆರಿಕದ ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯದ 'ದಿ ಬರ್ಡ್‌ಹೌಸ್ ನೆಟ್‌ವರ್ಕ್' ಯೋಜನೆಯದು. ಡೊಮಿನಿಕ್ ಬ್ರೊಸಾರ್, ಬ್ರೂಸ್ ಲೆವೆನ್‌ಸ್ಟೈನ್ ಮತ್ತು ರಿಕ್ ಬಾನಿ ಇದರ ಫಲಿತಾಂಶವನ್ನು 2005ರಲ್ಲಿ ಪ್ರಕಟಿಸಿದರು. ನಾಲ್ಕು ಅಳತೆಗಳಲ್ಲಿ ಮೂರರಲ್ಲಿ ಏನೂ ಬದಲಾಗಿರಲಿಲ್ಲ. ಆ ಮೂರು 'ಇಲ್ಲ'ಗಳಿಗಾಗಿಯೇ ಈ ಪ್ರಕರಣವನ್ನು ಬಿಡಿಸಿ ನೋಡಬೇಕು.

ಸ್ವಯಂಸೇವಕರ ಕೆಲಸ

ನ್ಯೂಯಾರ್ಕ್ ರಾಜ್ಯದ ಇಥಾಕಾ ಊರಲ್ಲಿರುವ ಈ ಪ್ರಯೋಗಾಲಯ ಜನಸಾಮಾನ್ಯರಿಂದ ಪಕ್ಷಿ ಮಾಹಿತಿ ತರಿಸಿಕೊಳ್ಳುವುದರಲ್ಲಿ ಪಳಗಿದ ಸಂಸ್ಥೆ. ಬರ್ಡ್‌ಹೌಸ್ ಯೋಜನೆ ಹುಟ್ಟಿದ್ದು 1990ರ ದಶಕದ ಕೊನೆಯಲ್ಲಿ. ಮುಂದೆ ಇದೇ ಕೆಲಸ 'ನೆಸ್ಟ್‌ವಾಚ್' ಎಂಬ ದೊಡ್ಡ ಯೋಜನೆಯಾಯಿತು. ಸೇರಿದವರು ಹಿತ್ತಲಲ್ಲೋ ಹೊಲದಂಚಿನಲ್ಲೋ ಮರದ ಗೂಡುಪೆಟ್ಟಿಗೆ ನಿಲ್ಲಿಸಿ, ಅದರೊಳಗಿನ ಸಂಸಾರವನ್ನು ಬರೆದಿಡಬೇಕು. ಈಸ್ಟರ್ನ್ ಬ್ಲೂಬರ್ಡ್ ಎಂಬ ಅಲ್ಲಿನ ಪುಟ್ಟ ನೀಲಿ ಹಕ್ಕಿಗೆ ಪೆಟ್ಟಿಗೆಯ ತೂತು ಒಂದೂವರೆ ಇಂಚು, ಅಂದರೆ 38 ಮಿಲಿಮೀಟರ್. ತೂತಿನ ಕೆಳಗೆ ಕೂರುವ ಕಡ್ಡಿ ಇರಬಾರದು. ಬ್ಲೂಬರ್ಡ್‌ಗೆ ಅದು ಬೇಕಿಲ್ಲ, ಪೆಟ್ಟಿಗೆ ಕಸಿಯಲು ಬರುವ ಹಕ್ಕಿಗಳಿಗೆ ಮಾತ್ರ ಅನುಕೂಲ. ಹಾಗೆ ಕಸಿಯುವುದರಲ್ಲಿ ಮುಂದಿರುವುದು ನಮ್ಮ ಮನೆ ಗುಬ್ಬಚ್ಚಿ! ಅಲ್ಲಿಗೆ ಅದು ಹೊರಗಿನಿಂದ ತಂದು ಬಿಟ್ಟ ಹಕ್ಕಿ, ಗೂಡುಪೆಟ್ಟಿಗೆ ಇಟ್ಟವರ ಪಾಲಿಗೆ ದೊಡ್ಡ ತಲೆನೋವು. ತಳದಲ್ಲಿ ನೀರು ಬಸಿಯಲು, ಮೇಲೆ ಗಾಳಿಯಾಡಲು ಕಿಂಡಿಗಳು, ಒಳಗೆ ನೋಡಲು ಪಕ್ಕದಲ್ಲೊಂದು ಬಾಗಿಲು, ಕಂಬದ ಮೇಲೆ ಹಾವು ಬೆಕ್ಕು ಹತ್ತದಂತೆ ತಗಡಿನ ತಡೆ, ಇಷ್ಟು ಇರಬೇಕು.

ಪೆಟ್ಟಿಗೆಯನ್ನು ಮೂರು ನಾಲ್ಕು ದಿನಕ್ಕೊಮ್ಮೆ ತೆರೆದು ನೋಡುವುದು ರೂಢಿ. ಮಳೆ ಹೊಯ್ಯುವಾಗ, ಚಳಿ ಕೊರೆಯುವಾಗ ಹೋಗಬಾರದು. ಮರಿಗಳು ಹಾರುವ ವಯಸ್ಸಿಗೆ ಹತ್ತಿರವಾದ ಮೇಲೆ ಬಾಗಿಲು ತೆರೆಯಲೇಬಾರದು, ಬೆದರಿ ಹೊತ್ತಿಗೆ ಮೊದಲೇ ಹೊರಗೆ ಹಾರಿಬಿಡುತ್ತವೆ. ಬರೆಯಬೇಕಾದದ್ದು ಜಾತಿ, ಮೊದಲ ಮೊಟ್ಟೆಯ ದಿನ, ಒಟ್ಟು ಮೊಟ್ಟೆ, ಮರಿಯಾದ ಮೊಟ್ಟೆ, ಹಾರಿಹೋದ ಮರಿ.

ಇದರಲ್ಲಿ ಕಲಿಕೆ ಎಲ್ಲಿ ಅಡಗಿದೆ ಎಂಬುದಕ್ಕೆ ಒಂದು ವಾರದ ಟಿಪ್ಪಣಿ ಸಾಕು. ಸೋಮವಾರ ಮಧ್ಯಾಹ್ನ ಎರಡು ಮೊಟ್ಟೆ. ಗುರುವಾರ ಐದು. ಅದರ ಮುಂದಿನ ಭೇಟಿಯಲ್ಲೂ ಐದೇ. ಬ್ಲೂಬರ್ಡ್ ದಿನಕ್ಕೊಂದು ಮೊಟ್ಟೆ ಇಡುತ್ತದೆ ಎಂಬುದು ಗೊತ್ತಿದ್ದರೆ, ಮೊದಲನೆಯದು ಬಿದ್ದದ್ದು ಭಾನುವಾರ ಎಂದು ಹಿಂದಕ್ಕೆ ಎಣಿಸಬಹುದು. ಕಾವು ಮೊದಲಾಗುವುದು ಸಾಮಾನ್ಯವಾಗಿ ಕೊನೆಯ ಮೊಟ್ಟೆಯ ಹೊತ್ತಿಗೆ, ಕಾವಿನ ಅವಧಿ 12ರಿಂದ 14 ದಿನ. ಹಾಗಾಗಿ ಐದೂ ಮೊಟ್ಟೆ ಹೆಚ್ಚುಕಡಿಮೆ ಒಟ್ಟಿಗೇ ಒಡೆಯುತ್ತವೆ, ಅದೂ ಮುಂದಿನ ವಾರ ಕಳೆದು ಅದರ ಮುಂದಿನ ಮಂಗಳವಾರದಿಂದ ಗುರುವಾರದೊಳಗೆ. ಹೀಗೆ ಲೆಕ್ಕ ಹಾಕಿ ಆ ದಿನ ಹೋಗಿ ನೋಡುವವರು ಊಹೆ ಕಟ್ಟಿ ಪರೀಕ್ಷಿಸುತ್ತಿದ್ದಾರೆ. ಬರೀ ಎಣಿಸಿ ನಮೂನೆಯಲ್ಲಿ ತುಂಬುವವರು ಎಣಿಸುತ್ತಿದ್ದಾರೆ ಅಷ್ಟೆ. ಪ್ರಯೋಗಾಲಯಕ್ಕೆ ಬಂದು ತಲುಪುವ ನಮೂನೆ ಮಾತ್ರ ಇಬ್ಬರದ್ದೂ ಒಂದೇ.

ಅಳೆದದ್ದು ಹೇಗೆ

ಗೂಡು ಕಟ್ಟುವ ಋತು ಮೊದಲಾಗುವ ಮುಂಚೆ ಒಂದು ಪ್ರಶ್ನಾವಳಿ, ಮುಗಿದ ಮೇಲೆ ಇನ್ನೊಂದು. ಅಳತೆಗೆ ಆರಿಸಿದ್ದು ನಾಲ್ಕು ವಿಷಯ. ಹಕ್ಕಿಗಳ ಜೀವನದ ಬಗ್ಗೆ ತಿಳಿವಳಿಕೆಗೆ ಸರಿ-ತಪ್ಪು ಹೇಳಿಕೆಗಳ ಗುಂಪು. ವಿಜ್ಞಾನದ ಬಗೆಗಿನ ಮನೋಭಾವಕ್ಕೆ, ಸಂಘಟಿತ ವಿಜ್ಞಾನದ ಕುರಿತ ಮನೋಭಾವ ಮಾಪಕವನ್ನು ತುಸು ಬದಲಿಸಿದ ರೂಪ. ಪರಿಸರದ ಬಗೆಗಿನ ಮನೋಭಾವಕ್ಕೆ ರೈಲಿ ಡನ್‌ಲಪ್ ಮತ್ತು ಸಂಗಡಿಗರ 'ನ್ಯೂ ಇಕಲಾಜಿಕಲ್ ಪ್ಯಾರಡೈಮ್' ಮಾಪಕದ ಬದಲಿಸಿದ ರೂಪ. 1978ರಿಂದ ಚಾಲ್ತಿಯಲ್ಲಿದ್ದು 2000ದಲ್ಲಿ 15 ಹೇಳಿಕೆಗಳಿಗೆ ಪರಿಷ್ಕೃತವಾದ ಇದು ಪರಿಸರ ಸಮೀಕ್ಷೆಗಳಲ್ಲಿ ಬಹಳ ಓಡಾಡಿದ ಉಪಕರಣ. ಕೊನೆಯದು ವೈಜ್ಞಾನಿಕ ವಿಧಾನದ ಅರಿವು. ಇದಕ್ಕೆ, ಒಂದು ವಿಷಯವನ್ನು ವೈಜ್ಞಾನಿಕವಾಗಿ ಅಧ್ಯಯನ ಮಾಡುವುದು ಎಂದರೇನು ಎಂದು ಸ್ವಂತ ಮಾತಿನಲ್ಲಿ ಬರೆಯಲು ಕೇಳುವ ಪ್ರಶ್ನೆ. ಅಮೆರಿಕದ ರಾಷ್ಟ್ರೀಯ ಸಮೀಕ್ಷೆಗಳಲ್ಲೂ ಇದೇ ಪ್ರಶ್ನೆ ಕೇಳುತ್ತ ಬಂದಿದ್ದಾರೆ. ಸಿದ್ಧಾಂತವನ್ನು ಪರೀಕ್ಷಿಸುವುದು, ಪ್ರಯೋಗ ಮತ್ತು ಹೋಲಿಕೆ ಗುಂಪು, ಕ್ರಮಬದ್ಧ ತುಲನೆ ಇವುಗಳಲ್ಲಿ ಒಂದಾದರೂ ಉತ್ತರದಲ್ಲಿ ಕಂಡರೆ ಅಂಕ.

ಫಲಿತಾಂಶ: ಹಕ್ಕಿಗಳ ಬಗ್ಗೆ ತಿಳಿವಳಿಕೆ ಹೆಚ್ಚಿತು. ವಿಜ್ಞಾನದ ಬಗೆಗಿನ ಮನೋಭಾವ, ಪರಿಸರದ ಬಗೆಗಿನ ಮನೋಭಾವ, ವಿಧಾನದ ಅರಿವು, ಈ ಮೂರರಲ್ಲಿ ಅಂಕಿಅಂಶದ ದೃಷ್ಟಿಯಿಂದ ಹೇಳಿಕೊಳ್ಳುವಂಥ ಬದಲಾವಣೆ ಸಿಗಲಿಲ್ಲ. ಜನರಿಗೆ, ಅವರು ಅನುಭವಿಸುತ್ತಿರುವುದು ಏನೆಂಬುದನ್ನು ಯೋಜನೆಯೇ ಬಾಯಿಬಿಟ್ಟು ಹೇಳಬೇಕು ಎಂಬುದು ಸಂಶೋಧಕರು ತೆಗೆದ ತೀರ್ಮಾನ.

ಮೂರು 'ಇಲ್ಲ'ಗಳ ಒಳಗೆ

'ಬದಲಾವಣೆ ಕಾಣಲಿಲ್ಲ' ಎಂಬ ಒಂದೇ ಫಲಿತಾಂಶದ ಹಿಂದೆ ಬೇರೆಬೇರೆ ಕಾರಣ ಇರಬಹುದು, ಪ್ರತಿಯೊಂದಕ್ಕೂ ಮದ್ದು ಬೇರೆ.

ಮೊದಲನೆಯದು ಚಾವಣಿ ತಾಗುವುದು. ಹಕ್ಕಿಗಾಗಿ ಪೆಟ್ಟಿಗೆ ಕಟ್ಟಲು ತಾನಾಗಿ ಮುಂದೆ ಬರುವವರು ಪರಿಸರದ ಬಗ್ಗೆ ಮೊದಲೇ ಕಾಳಜಿ ಇದ್ದವರು. ಹತ್ತು ಹೇಳಿಕೆ, ಪ್ರತಿಯೊಂದಕ್ಕೆ ಗರಿಷ್ಠ 5 ಅಂಕ ಎಂದಿಟ್ಟುಕೊಳ್ಳಿ. ಶುರುವಿನಲ್ಲೇ ಸರಾಸರಿ 44 ಇದ್ದರೆ ಮೇಲೇರಲು ಉಳಿದದ್ದು ಆರೇ ಅಂಕ, ಹಲವರಿಗೆ ಅದೂ ಇಲ್ಲ. ಇದನ್ನು ಪತ್ತೆಹಚ್ಚಲು ಸರಾಸರಿಯನ್ನು ನೋಡುತ್ತ ಕೂತರೆ ಆಗದು. ಮೊದಲ ಪ್ರಶ್ನಾವಳಿಯ ಅಂಕಗಳ ಹರವನ್ನು ಬರೆದು ನೋಡಬೇಕು. ಐದರಲ್ಲೊಬ್ಬರೋ ನಾಲ್ಕರಲ್ಲೊಬ್ಬರೋ ತುದಿಯಲ್ಲೇ ಕೂತಿದ್ದರೆ ಆ ಮಾಪಕ ಆ ಗುಂಪಿಗೆ ಅಲ್ಲ. ಈ ಪರೀಕ್ಷೆಯನ್ನು ಮುಖ್ಯ ಅಧ್ಯಯನಕ್ಕೆ ಮೊದಲು ಮೂವತ್ತು ನಲವತ್ತು ಜನರ ಮೇಲೆ ಮಾಡಿದರೆ ಒಂದು ಇಡೀ ಋತು ಉಳಿಯುತ್ತದೆ.

ಎರಡನೆಯದು ಮಾಪಕ ದೂರವಾಗಿರುವುದು. ಭೂಮಿ ಎಷ್ಟು ಜನರನ್ನು ತಾಳೀತು, ಪ್ರಕೃತಿಯ ಸಮತೋಲ ಎಷ್ಟು ನಾಜೂಕು ಎಂದೆಲ್ಲ ಕೇಳುವ ಹೇಳಿಕೆಗಳಿಗೂ, ಬೇಲಿ ಪಕ್ಕದ ಪೆಟ್ಟಿಗೆಯಲ್ಲಿ ಐದು ಮೊಟ್ಟೆ ಎಣಿಸುವುದಕ್ಕೂ ನಡುವೆ ಬಹಳ ದೂರ. ಒಂದು ಋತುವಿನ ಎಣಿಕೆಯಿಂದ ಲೋಕದೃಷ್ಟಿ ಬದಲಾಗಲಿ ಎಂದು ನಿರೀಕ್ಷಿಸಿದ್ದೇ ಹೆಚ್ಚಾಯಿತು ಎಂಬುದು ನಮ್ಮ ಅಭಿಪ್ರಾಯ. ಈ ಮಾತಿಗೆ ಬಲ ಕೊಡುವ ಅಧ್ಯಯನ ಆಮೇಲೆ ಬಂತು. ಅಲೀಶಿಯಾ ಕ್ರಾಲ್ ಮತ್ತು ಸಂಗಡಿಗರು ಆಕ್ರಮಣಕಾರಿ ಸಸ್ಯಗಳ ಬಗ್ಗೆ ಒಂದು ದಿನದ ತರಬೇತಿಯನ್ನು ಎರಡು ಬಗೆಯ ಅಳತೆಗಳಿಂದ ಅಳೆದರು. ಸಾಮಾನ್ಯ ಮಾಪಕಗಳಲ್ಲಿ ಏನೂ ಕಾಣಲಿಲ್ಲ. ಅದೇ ಜನರಲ್ಲಿ, ಆ ತರಬೇತಿಯ ವಿಷಯಕ್ಕೇ ಹೊಂದಿಸಿ ಬರೆದ ಪ್ರಶ್ನೆಗಳಲ್ಲಿ ಸುಧಾರಣೆ ಕಂಡಿತು.

ಹಾಗೆಂದು ತಪ್ಪನ್ನೆಲ್ಲ ಮಾಪಕದ ತಲೆಗೆ ಕಟ್ಟುವಂತಿಲ್ಲ. ಮೂರನೆಯ ಕಾರಣ ನಿಜವಾಗಿಯೂ ಕಲಿಕೆ ನಡೆಯದಿರುವುದು, ವಿಧಾನದ ಅರಿವಿನ ವಿಷಯದಲ್ಲಿ ಇದೇ ಹೆಚ್ಚು ಸರಿ ಎನಿಸುತ್ತದೆ. ಕೈಪಿಡಿ 'ಮೂರು ನಾಲ್ಕು ದಿನಕ್ಕೊಮ್ಮೆ ನೋಡಿ' ಎನ್ನುತ್ತದೆ. ಯಾಕೆ ಮೂರು ನಾಲ್ಕು, ಹತ್ತು ದಿನಕ್ಕೊಮ್ಮೆ ನೋಡಿದರೆ ಯಾವ ಲೆಕ್ಕ ತಪ್ಪುತ್ತದೆ, ಖಾಲಿ ಉಳಿದ ಪೆಟ್ಟಿಗೆಯನ್ನೂ ಯಾಕೆ ವರದಿ ಮಾಡಬೇಕು, ಇವನ್ನು ಯಾರೂ ಎತ್ತದಿದ್ದರೆ ಸ್ವಯಂಸೇವಕರ ಪಾಲಿಗೆ ಅದು ಹಕ್ಕಿ ನೋಡುವ ಖುಷಿಯ ಜೊತೆ ಬಂದ ಒಂದು ನಿಯಮ. ರೆಬೆಕಾ ಜೋರ್ಡನ್ ತಂಡ ಎರಡು ವರ್ಷಗಳಲ್ಲಿ 82 ಜನರನ್ನು, ಮೂರು ದಿನದ ಆಕ್ರಮಣಕಾರಿ ಸಸ್ಯ ಕಾರ್ಯಕ್ರಮವೊಂದರಲ್ಲಿ ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದ ಫಲಿತಾಂಶವೂ ಇದೇ ಜಾಡಿನದು: ಸಸ್ಯಗಳ ಬಗ್ಗೆ ಜ್ಞಾನ ಸರಾಸರಿ ಶೇ 24 ಏರಿತು, ಸಂಶೋಧನೆ ನಡೆಯುವ ರೀತಿಯ ಅರಿವು ಏರಲಿಲ್ಲ, ನಡವಳಿಕೆ ಹೆಚ್ಚೇನೂ ಬದಲಾಗಲಿಲ್ಲ. ಅಲ್ಲಿ ಜನ ಒಟ್ಟಿಗೆ ಕೂತು ಮಾಹಿತಿಯನ್ನು ವಿಶ್ಲೇಷಿಸಿಯೂ ಇದ್ದರು ಎಂಬುದು ಗಮನಿಸಬೇಕಾದ ಸಂಗತಿ. ಒಂದು ಮಧ್ಯಾಹ್ನ ನಕ್ಷೆ ತೋರಿಸಿ ಮಾತಾಡಿದ ಮಾತ್ರಕ್ಕೆ ವಿಧಾನದ ಅರಿವು ಹುಟ್ಟುವುದಿಲ್ಲ.

ನಾಲ್ಕನೆಯದು ಸಂಖ್ಯೆಯ ಕೊರತೆ. ಒಬ್ಬರದೇ ಮೊದಲ ಮತ್ತು ಕೊನೆಯ ಅಂಕಗಳನ್ನು ಹೋಲಿಸುವಾಗ, ಅಂಕ ಬದಲಾವಣೆಯ ಪ್ರಮಾಣ ವಿಚಲನೆಯ (ಸರಾಸರಿಯ ಸುತ್ತ ಎಷ್ಟು ಚದುರಿದೆ ಎಂಬ ಅಳತೆ) 0.3 ಪಟ್ಟಿನಷ್ಟು ಬದಲಾವಣೆಯನ್ನು ಶೇ 80 ಸಂಭವದಲ್ಲಿ ಹಿಡಿಯಲು ಸುಮಾರು 90 ಜನರ ಎರಡೂ ಬಾರಿಯ ಉತ್ತರ ಬೇಕು. 0.2 ಪಟ್ಟಿಗೆ ಸುಮಾರು 200. 0.5 ಪಟ್ಟಿದ್ದರೆ 34 ಸಾಕು. ಅರ್ಧಕ್ಕರ್ಧ ಜನ ಎರಡನೆಯ ಪ್ರಶ್ನಾವಳಿ ಕಳಿಸುವುದಿಲ್ಲ ಎಂದಾದರೆ ಮೊದಲಿಗೆ ಇದರ ಎರಡು ಪಟ್ಟು ಜನ ಬೇಕು. ನಲವತ್ತು ಜನರಿಂದ ಉತ್ತರ ಪಡೆದು 'ಪರಿಣಾಮವಿಲ್ಲ' ಎಂದು ವರದಿ ಬರೆಯುವುದು ಆಗಾಗ ಕಾಣುವ ತಪ್ಪು. ಅಲ್ಲಿ ಬರೆಯಬಹುದಾದದ್ದು 'ದೊಡ್ಡ ಪರಿಣಾಮವಿಲ್ಲ' ಎಂದಷ್ಟೆ.

ಪತ್ರಗಳು ಹೇಳಿದ್ದು ಬೇರೆ

ಕಾರ್ನೆಲ್‌ನದೇ ಇನ್ನೊಂದು ಯೋಜನೆ 'ಸೀಡ್ ಪ್ರಿಫರೆನ್ಸ್ ಟೆಸ್ಟ್'. ಸೂರ್ಯಕಾಂತಿ, ಬರಗು, ಕೆಂಪು ಜೋಳ ಈ ಮೂರು ಕಾಳನ್ನು ಬೇರೆಬೇರೆಯಾಗಿ ಇಟ್ಟು, ಯಾವ ಹಕ್ಕಿ ಯಾವುದಕ್ಕೆ ಬರುತ್ತದೆ ಎಂದು ಬರೆಯುವ ಪ್ರಯೋಗ. ಇದರಲ್ಲಿ ಪಾಲ್ಗೊಂಡ 700ಕ್ಕೂ ಹೆಚ್ಚು ಜನ, ಯಾರೂ ಕೇಳದೆಯೇ ಪ್ರಯೋಗಾಲಯಕ್ಕೆ ಪತ್ರ ಬರೆದಿದ್ದರು. ಡೆಬೊರಾ ಟ್ರಂಬುಲ್ ಮತ್ತು ಸಂಗಡಿಗರು 2000ದಲ್ಲಿ ಈ ಪತ್ರಗಳ ವಿಶ್ಲೇಷಣೆ ಪ್ರಕಟಿಸಿದರು. ಸುಮಾರು ಶೇ 80 ಪತ್ರಗಳಲ್ಲಿ ವಿಜ್ಞಾನದ ತನಿಖೆಯಲ್ಲಿ ನಡೆಯುವಂಥದೇ ಯೋಚನೆ ಕಂಡುಬಂತು.

ಪ್ರಶ್ನಾವಳಿಗೆ ಸಿಗದದ್ದು ಪತ್ರದಲ್ಲಿ ಸಿಕ್ಕಿತೆಂದು ಹಿಗ್ಗುವ ಮೊದಲು ಎರಡು ಮಾತು. ಪತ್ರ ಬರೆಯಲು ಕೂತವರು ಉಳಿದವರಿಗಿಂತ ಹೆಚ್ಚು ಯೋಚಿಸುವವರೇ ಇರಬಹುದು. ಆ ಯೋಚನೆ ಯೋಜನೆಯಿಂದ ಬಂತೋ, ಯೋಜನೆಗೆ ಸೇರುವ ಮುಂಚೆಯೇ ಅವರಲ್ಲಿತ್ತೋ ಎಂಬುದನ್ನು ಪತ್ರ ಹೇಳುವುದಿಲ್ಲ. ಆದರೂ ಪತ್ರಗಳಿಂದ ಒಂದು ಲಾಭವಿದೆ. ಜನ ನಿಜವಾಗಿ ಯಾವುದರ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ ಎಂಬುದು ಅಲ್ಲಿ ಸಿಗುತ್ತದೆ, ಪ್ರಶ್ನಾವಳಿಯ ಹೇಳಿಕೆಗಳನ್ನು ಹೆಕ್ಕಬೇಕಾದದ್ದು ಅಲ್ಲಿಂದ.

ಇದೇ ಮೌಲ್ಯಮಾಪನ ಈಗ ಮಾಡುವುದಾದರೆ

ಅಂದು ಇಲ್ಲದ ಅನುಕೂಲ ಇಂದು ಇದೆ. ಕಾರ್ನೆಲ್‌ನಲ್ಲೇ ಟೀನಾ ಫಿಲಿಪ್ಸ್ ಮತ್ತು ಸಂಗಡಿಗರು 'ಡಿವೈಸ್' ಎಂಬ ಯೋಜನೆಯಲ್ಲಿ ನಾಗರಿಕ ವಿಜ್ಞಾನಕ್ಕೆಂದೇ ಮಾಪಕಗಳನ್ನು ರೂಪಿಸಿ ಪರೀಕ್ಷಿಸಿದರು, 2014ರಲ್ಲಿ ಬಳಕೆಯ ಕೈಪಿಡಿ ತಂದರು. ಆಸಕ್ತಿ, 'ಇದು ನನ್ನಿಂದಾಗುತ್ತದೆ' ಎಂಬ ಆತ್ಮವಿಶ್ವಾಸ, ಪ್ರೇರಣೆ, ವಿಷಯ ಮತ್ತು ವಿಧಾನದ ಜ್ಞಾನ, ಕೌಶಲ, ನಡವಳಿಕೆ ಎಂದು ಕಲಿಕೆಯನ್ನು ಆರಾಗಿ ಬಿಡಿಸಿದ್ದಾರೆ. ಆರನ್ನೂ ಅಳೆಯಲು ಹೋಗುವುದು ಹೊಸಬರ ಚಾಳಿ. ಹಾಗೆ ಮಾಡಿದರೆ ಪ್ರಶ್ನಾವಳಿ ಎಂಟು ಪುಟವಾಗುತ್ತದೆ, ಅರ್ಧದಲ್ಲಿ ಬಿಡುವವರು ಹೆಚ್ಚುತ್ತಾರೆ. ಮೇಲಾಗಿ ಇಷ್ಟೊಂದು ಹೋಲಿಕೆಗಳಲ್ಲಿ ಒಂದೆರಡು ಆಕಸ್ಮಿಕವಾಗಿ 'ಪರಿಣಾಮಕಾರಿ' ಎಂದು ಕಂಡುಬಿಡುತ್ತವೆ. ಯೋಜನೆ ನಿಜಕ್ಕೂ ಬದಲಿಸಲು ಹೊರಟ ಎರಡನ್ನು ಆರಿಸಿ, ಅವು ಯಾವುವು ಎಂದು ಮಾಹಿತಿ ಬರುವ ಮೊದಲೇ ಬರೆದಿಡಬೇಕು.

ಮೊದಲ ಪ್ರಶ್ನಾವಳಿ ಯಾವಾಗ ಎಂಬುದರಲ್ಲೇ ಹಲವರು ಎಡವುತ್ತಾರೆ. ಅದು ನೋಂದಣಿಯ ಹೊತ್ತಿಗೇ ಆಗಬೇಕು, ಕೈಪಿಡಿ ಕೈಗೆ ಸೇರುವ ಮುಂಚೆ. ನೆಸ್ಟ್‌ವಾಚ್‌ನಲ್ಲಿ ಗೂಡು ನೋಡುವ ನಿಯಮಗಳ ಮೇಲೆ ಚಿಕ್ಕ ರಸಪ್ರಶ್ನೆ ಇದೆ. ಅದಾದ ಮೇಲೆ 'ಮೊದಲ' ಪ್ರಶ್ನಾವಳಿ ಕೊಟ್ಟರೆ, ಆಗಲೇ ಕಲಿತದ್ದನ್ನು ಆರಂಭದ ಮಟ್ಟ ಎಂದು ಎಣಿಸಿದಂತಾಗುತ್ತದೆ. ಇನ್ನು ಎರಡನೆಯದು, ಋತು ಮುಗಿದು ಎರಡು ಮೂರು ವಾರದೊಳಗೆ. ಸಾಧ್ಯವಿದ್ದರೆ ಮರುವರ್ಷದ ಆರಂಭದಲ್ಲಿ ಮೂರನೆಯದು, ಉಳಿದದ್ದೆಷ್ಟು ಎಂದು ನೋಡಲು.

ಹೋಲಿಕೆ ಗುಂಪು ಇಲ್ಲದಿದ್ದರೆ, ಅದೇ ಪ್ರಶ್ನೆ ಎರಡನೆಯ ಬಾರಿ ನೋಡಿದ್ದರಿಂದಲೇ ಅಂಕ ಏರಿತೋ, ಆ ವಸಂತದಲ್ಲಿ ಟಿವಿಯಲ್ಲಿ ಹಕ್ಕಿ ಕಾರ್ಯಕ್ರಮ ಬಂತೋ ಹೇಳಲಾಗದು. ರಸ್ತೆಯಲ್ಲಿ ಸಿಕ್ಕವರನ್ನು ಹೋಲಿಕೆಗೆ ಇಟ್ಟುಕೊಂಡರೆ ಪ್ರಯೋಜನವಿಲ್ಲ, ಅವರಿಗೆ ಹಕ್ಕಿಯ ಗೀಳಿರುವುದಿಲ್ಲ. ಹೆಸರು ಕೊಟ್ಟು ಮುಂದಿನ ಋತುವಿಗೆ ಕಾಯುತ್ತಿರುವವರೇ ಸರಿಯಾದ ಗುಂಪು: ಆಸಕ್ತಿ ಅಷ್ಟೇ, ಅನುಭವ ಮಾತ್ರ ಇನ್ನೂ ಇಲ್ಲ.

ಸರಿ-ತಪ್ಪು ಹೇಳಿಕೆಗಳಲ್ಲಿ ಹತ್ತಕ್ಕೆ ಐದು ಅಂಕ ಕಣ್ಣುಮುಚ್ಚಿ ಗುರುತು ಹಾಕಿದರೂ ಸಿಗುತ್ತದೆ. 'ಗೊತ್ತಿಲ್ಲ' ಎಂಬ ಮೂರನೆಯ ಆಯ್ಕೆ ಇಡಬೇಕು, ಅದನ್ನು ತಪ್ಪು ಉತ್ತರದಿಂದ ಬೇರೆಯಾಗಿ ಎಣಿಸಬೇಕು. 'ಗೊತ್ತಿಲ್ಲ'ದಿಂದ ಸರಿಗೆ ಬಂದವರೂ ತಪ್ಪಿನಿಂದ ಸರಿಗೆ ಬಂದವರೂ ಒಂದೇ ಅಲ್ಲ. ಹೇಳಿಕೆಗಳನ್ನು ಎರಡು ಗುಂಪಾಗಿ ಬರೆಯುವುದು ಇನ್ನೂ ಒಳ್ಳೆಯದು: ಕೈಪಿಡಿಯಲ್ಲಿ ನೇರ ಇರುವವು ಐದು, ಪೆಟ್ಟಿಗೆ ನೋಡಿದವರಿಗೆ ಮಾತ್ರ ಹೊಳೆಯುವವು ಐದು. 'ಬ್ಲೂಬರ್ಡ್ ದಿನಕ್ಕೊಂದು ಮೊಟ್ಟೆ ಇಡುವುದರಿಂದ ಮರಿಗಳೂ ದಿನಕ್ಕೊಂದರಂತೆ ಹೊರಬರುತ್ತವೆ' ಎಂಬ ಹೇಳಿಕೆ ಎರಡನೆಯ ಬಗೆಯದು. ಕೇಳಲು ಸರಿ ಎನಿಸುತ್ತದೆ, ನೋಡಿದವರು ಒಪ್ಪುವುದಿಲ್ಲ. ಮೊದಲ ಗುಂಪು ಮಾತ್ರ ಏರಿದರೆ ಕಲಿಸಿದ್ದು ಕೈಪಿಡಿ. ಅದನ್ನು ಪೆಟ್ಟಿಗೆಯಿಲ್ಲದೆ ಅಂಚೆಯಲ್ಲೇ ಕಳಿಸಬಹುದಿತ್ತು.

ವಿಧಾನದ ಅರಿವಿಗೆ, ಅಧ್ಯಯನವೆಂದರೇನು ಎಂದು ಕೇಳುವ ಬದಲು ಒಂದು ಸನ್ನಿವೇಶ ಕೊಡುವುದು ವಾಸಿ. ಉದಾಹರಣೆಗೆ: 'ನೆರೆಯವರು ಖಾಲಿ ಉಳಿದ ಪೆಟ್ಟಿಗೆಗಳನ್ನು ವರದಿ ಮಾಡುವುದಿಲ್ಲ. ಇದರಿಂದ ಒಟ್ಟು ಫಲಿತಾಂಶಕ್ಕೆ ಏನಾಗುತ್ತದೆ?' ಪೆಟ್ಟಿಗೆಗಳ ಬಳಕೆ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ ಎಂದರೆ 2 ಅಂಕ, ಮಾಹಿತಿ ಅಪೂರ್ಣ ಎಂದಷ್ಟೇ ಬರೆದರೆ 1, ಏನೂ ಆಗದು ಎಂದರೆ 0. ಉತ್ತರಗಳನ್ನು ಇಬ್ಬರು ಬೇರೆಬೇರೆ ಕೂತು ಅಂಕ ಹಾಕಬೇಕು, ಯಾವುದು ಮೊದಲಿನದು ಯಾವುದು ನಂತರದ್ದು ಎಂದು ಅವರಿಗೆ ಗೊತ್ತಾಗಬಾರದು. ಇಬ್ಬರ ಹೊಂದಾಣಿಕೆಯ ಕಪ್ಪಾ ಸೂಚ್ಯಂಕ (ಆಕಸ್ಮಿಕವಾಗಿ ಹೊಂದಿದ್ದನ್ನು ಕಳೆದು ಎಣಿಸುವ ಅಳತೆ, ಪೂರ್ತಿ ಹೊಂದಿದರೆ 1) 0.7ಕ್ಕಿಂತ ಕೆಳಗಿದ್ದರೆ ಅಂಕಪಟ್ಟಿಯ ನಿಯಮ ತಿದ್ದಿ ಮತ್ತೆ ಹಾಕಬೇಕು.

ಕೌಶಲವನ್ನು ಮಾತ್ರ ಬಾಯಿಮಾತಿನಲ್ಲಿ ಕೇಳಬಾರದು. 'ನನಗೆ ಜಾತಿ ಗುರುತಿಸಲು ಬರುತ್ತದೆ' ಎಂಬುದಕ್ಕೆ ಶುರುವಿನಲ್ಲಿ 4 ಕೊಟ್ಟವರು, ಕೆಲಸದ ಕಷ್ಟ ತಿಳಿದ ಮೇಲೆ 3 ಕೊಡುತ್ತಾರೆ. ಕಲಿತವರು ಅಂಕಪಟ್ಟಿಯಲ್ಲಿ ಕುಸಿದಂತೆ ಕಾಣುತ್ತಾರೆ! ಕೊನೆಯಲ್ಲಿ 'ಈಗ ಎಷ್ಟು, ಆಗ ಎಷ್ಟಿತ್ತು' ಎಂದು ಒಟ್ಟಿಗೆ ಕೇಳುವುದು ಒಂದು ದಾರಿ, ಆದರೆ ಅಲ್ಲಿ ಜನ ಯೋಜನೆಯವರನ್ನು ಮೆಚ್ಚಿಸುವ ಉತ್ತರ ಕೊಡುತ್ತಾರೆ. ಅದಕ್ಕಿಂತ ಗಟ್ಟಿಯಾದ ಸಾಕ್ಷಿ ಅವರು ಕಳಿಸಿದ ದಾಖಲೆಯಲ್ಲೇ ಇದೆ. ಎರಡು ಭೇಟಿಗಳ ನಡುವೆ ಎಷ್ಟು ದಿನ, ಎಷ್ಟು ಕಾಲಂ ಖಾಲಿ, ಮೊಟ್ಟೆಗಿಂತ ಮರಿ ಹೆಚ್ಚು ಎಂಬಂಥ ಆಗಲಾರದ ನಮೂದು ಎಷ್ಟು ಎಂದು ಮೊದಲ ಋತುವಿಗೂ ಎರಡನೆಯದಕ್ಕೂ ಹೋಲಿಸಬಹುದು. ಒಂದೇ ಎಚ್ಚರಿಕೆ: ಅದೇ ವ್ಯಕ್ತಿಯನ್ನು ಅದೇ ವ್ಯಕ್ತಿಯೊಂದಿಗೆ ಹೋಲಿಸಬೇಕು. ಒಟ್ಟು ಸರಾಸರಿ ತೆಗೆದರೆ, ಅಡ್ಡಾದಿಡ್ಡಿ ಬರೆಯುತ್ತಿದ್ದವರು ಬಿಟ್ಟುಹೋದದ್ದೇ ಸುಧಾರಣೆಯಂತೆ ತೋರುತ್ತದೆ. ಬಿಟ್ಟುಹೋದವರ ಮೊದಲ ಅಂಕಗಳನ್ನೂ ಉಳಿದವರ ಮೊದಲ ಅಂಕಗಳನ್ನೂ ಪಕ್ಕಪಕ್ಕ ಇಟ್ಟು ವರದಿಯಲ್ಲಿ ತೋರಿಸಬೇಕು.

ನಮ್ಮಲ್ಲಿ ಫೆಬ್ರುವರಿಯ ಕ್ಯಾಂಪಸ್ ಪಕ್ಷಿ ಗಣತಿ, ವಾರಕ್ಕೊಮ್ಮೆ ಮರದ ಎಲೆ-ಹೂ-ಹಣ್ಣು ಗಮನಿಸುವ ಸೀಸನ್‌ವಾಚ್ ನಡೆಸುವ ಶಾಲೆ ಕಾಲೇಜುಗಳಿಗೂ ಇದರಲ್ಲಿ ಬಹಳಷ್ಟು ಹಾಗೇ ಒಗ್ಗುತ್ತದೆ. ಸೀಸನ್‌ವಾಚ್‌ನಲ್ಲಿ ಹೂ 'ಇಲ್ಲ, ಸ್ವಲ್ಪ, ಬಹಳ' ಎಂದು ಗುರುತಿಸುವುದಿರುವುದರಿಂದ, ಒಂದೇ ಹೊಂಗೆಮರದ ಹತ್ತು ಫೋಟೊ ತೋರಿಸಿ ವರ್ಷದ ಶುರುವಿಗೊಮ್ಮೆ ಕೊನೆಗೊಮ್ಮೆ ಗುರುತು ಹಾಕಿಸಿದರೆ ಕೌಶಲದ ಪರೀಕ್ಷೆ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಇಂಗ್ಲಿಷ್ ಮಾಪಕಗಳನ್ನು ಕನ್ನಡಕ್ಕೆ ತರುವಾಗ ತೊಡಕಾಗುವುದು 'ಇಲ್ಲ' ಇರುವ ಹೇಳಿಕೆಗಳು. 'ವಿಜ್ಞಾನ ನನಗೆ ಅರ್ಥವಾಗುವುದಿಲ್ಲ' ಎಂಬುದಕ್ಕೆ 'ಒಪ್ಪುವುದಿಲ್ಲ' ಎಂದು ಗುರುತಿಸುವ ಹೊತ್ತಿಗೆ ಏಳನೇ ತರಗತಿಯ ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ. ಐದಾರು ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು, ಹೇಳಿಕೆ ಓದಿಸಿ, ಏನು ಅರ್ಥವಾಯಿತೆಂದು ಅವರ ಮಾತಲ್ಲೇ ಹೇಳಿಸಿದರೆ ಯಾವುದನ್ನು ಕೈಬಿಡಬೇಕೆಂದು ತಿಳಿಯುತ್ತದೆ. ಅಂಕ ಹಾಕುವವರು ಅದೇ ಶಾಲೆಯ ಮೇಷ್ಟ್ರಾಗಿದ್ದರೆ ಮಕ್ಕಳು ಇದನ್ನು ಪರೀಕ್ಷೆ ಎಂದೇ ತಿಳಿಯುತ್ತಾರೆ, ಪಕ್ಕದವರದ್ದು ನೋಡಿ ಬರೆಯುತ್ತಾರೆ. ಹೆಸರಿನ ಬದಲು ಸಂಕೇತ ಸಂಖ್ಯೆ ಕೊಟ್ಟು, ಹೆಸರು-ಸಂಖ್ಯೆಯ ಪಟ್ಟಿಯನ್ನು ಶಾಲೆಯ ಹೊರಗಿನವರ ಬಳಿ ಇಡಬೇಕು. ವರ್ಷದ ಕೊನೆಗೆ ಅದೇ ಸಂಖ್ಯೆ ಅದೇ ಮಗುವಿಗೆ ಸಿಗಬೇಕಾದ್ದರಿಂದ ಆ ಪಟ್ಟಿ ಕಳೆದುಹೋದರೆ ಜೋಡಿ ಹೋಲಿಕೆಯೇ ಸಾಧ್ಯವಿಲ್ಲ.